ತುರ್ತುಸೇವಕರ ಋಣ

ಬೆಳಗಾವಿಯ ಚೆನ್ನಮ್ಮ ವೃತ್ತದಲ್ಲಿ ನಿಂತವರಿಗೆ 108ರ ಗಾಡಿಯ ಕೂಗು ಹೊಸತಲ್ಲ. ಅದು ಜಿಲ್ಲಾ ಆಸ್ಪತ್ರೆಯ ಕಡೆಗೆ ಧಾವಿಸುವಾಗ ಎಲ್ಲರ ದೃಷ್ಟಿಯೂ ಗಾಡಿಯ ಮೇಲೆಯೇ ಇರುತ್ತದೆ. ಅದರೊಳಗೆ ಒಂದು ಕೈಯಿಂದ ಆಧಾರವನ್ನು ಹಿಡಿದು, ಇನ್ನೊಂದು ಕೈಯಿಂದ ರೋಗಿಯ ನಾಡಿಯನ್ನು ನೋಡುತ್ತಿರುವ ಮನುಷ್ಯನನ್ನು ಕಂಡವರು ವಿರಳ. ಸರಕಾರವೂ ಗಾಡಿಗಳ ಲೆಕ್ಕವನ್ನು ಇಡುತ್ತದೆ. ಗಾಡಿಯೊಳಗಿನ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯುವುದನ್ನು ಇನ್ನೂ ಕಲಿತಂತೆ ಕಾಣುವುದಿಲ್ಲ. ಇಂದು ವಾಚಕರ ಮುಂದೆ ನಾವು ಇಡಬಯಸುವ ಮಾತು ಇದೇ.

‘ಆರೋಗ್ಯ ಕವಚ’ವೆಂಬ ಈ ಸೇವೆಯು ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಲ್ಲಿ ಆರಂಭವಾಯಿತು. ಗಾಡಿಗೆ ಇಬ್ಬರು: ಪೈಲಟ್ ಎಂದು ಕರೆಯಲ್ಪಡುವ ಚಾಲಕ ಮತ್ತು ಇ.ಎಂ.ಟಿ. ಎಂದು ಕರೆಯಲ್ಪಡುವ ತುರ್ತು ಚಿಕಿತ್ಸಾ ತಂತ್ರಜ್ಞ. ಹನ್ನೆರಡು ತಾಸಿನ ಪಾಳಿ. ಕರೆ ಬಂದೊಡನೆ ಉಣ್ಣುವ ಅನ್ನವನ್ನು ಬಿಟ್ಟು ಏಳಬೇಕು. ಎದೆನೋವಿನವನಿಗೆ ಪ್ರಾಣವಾಯು ಕೊಡಬೇಕು, ಅಪಘಾತದಲ್ಲಿ ಬಿದ್ದವನ ರಕ್ತವನ್ನು ತಡೆಯಬೇಕು, ಹಾವು ಕಚ್ಚಿದವನ ಕಾಲು ಅಲುಗದಂತೆ ಕಟ್ಟಬೇಕು. ದಾರಿಯಲ್ಲಿಯೇ ಹೆರಿಗೆಯಾದರೆ ತಾಯಿ ಮಗು ಇಬ್ಬರನ್ನೂ ಕಾಯಬೇಕು. ಸಂದೇಹ ಬಂದಲ್ಲಿ ದೂರವಾಣಿಯ ಮೂಲಕ ಕೇಂದ್ರದ ವೈದ್ಯರನ್ನು ಕೇಳಬಹುದು. ಆದರೆ ಕೈ ಆಡಿಸಬೇಕಾದವನು ತಾನೊಬ್ಬನೇ. ಇಷ್ಟರ ಮೇಲೆ, ನೋವು ಎಲ್ಲಿದೆಯೆಂಬುದನ್ನು ಒಂದು ಮನೆಯಲ್ಲಿ ಕನ್ನಡದಿಂದಲೂ ಮುಂದಿನ ಮನೆಯಲ್ಲಿ ಮರಾಠಿಯಿಂದಲೂ ಕೇಳಬೇಕು. ನರಳುವವನಿಗೆ ಗಡಿಯ ವಾದವು ಬೇಕಿಲ್ಲ. ತನ್ನ ಮಾತನ್ನು ತಿಳಿದುಕೊಳ್ಳುವ ಮನುಷ್ಯನು ಬೇಕು. ಈ ಸೇವಕರು ಅದನ್ನು ದಿನವೂ ನಡೆಸಿ ತೋರಿಸುತ್ತಿರುವರು.

ನಗರದಲ್ಲಿ ಅವರ ವೈರಿ ಜನದಟ್ಟಣೆ. ಟಿಳಕವಾಡಿಯ ರೇಲ್ವೆ ಗೇಟು ಮುಚ್ಚಿದ್ದರೆ ಒಳಗಿನ ಜೀವವೂ ಅಲ್ಲಿಯೇ ಕಾಯಬೇಕು. ಖಾನಾಪುರದ ಕಡೆಗೆ ಹೋದರೆ ವೈರಿಯೇ ಬೇರೆ. ಆ ತಾಲೂಕಿನ ಪಶ್ಚಿಮಭಾಗವು ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಮಳೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. 2024ರ ಜುಲೈ ತಿಂಗಳಿನಲ್ಲಿ ಆಮಗಾಂವದ ಜನರು ಬೇನೆಬಿದ್ದ ಮಹಿಳೆಯೊಬ್ಬಳನ್ನು ಮರದ ಕಂಬಗಳಿಗೆ ಕಟ್ಟಿದ ಡೋಲಿಯಲ್ಲಿ ಮಳೆಯೊಳಗೆ ಕಾಡುದಾರಿಯಿಂದ ಹೊತ್ತು ತಂದು ಗಾಡಿಗೆ ಮುಟ್ಟಿಸಬೇಕಾಯಿತು. ಎಷ್ಟೇ ಕುಶಲನಾದ ತಂತ್ರಜ್ಞನಿದ್ದರೂ ರಸ್ತೆ ಮುಗಿದಲ್ಲಿ ಅವನ ವಿದ್ಯೆಯೂ ಕಾದು ನಿಲ್ಲುವುದು.

ಲಕ್ಷ ಜನರಿಗೆ ಒಂದು ಸಾಧಾರಣ ಗಾಡಿ, ಐದು ಲಕ್ಷಕ್ಕೆ ಒಂದು ಸುಸಜ್ಜಿತ ಗಾಡಿ ಎಂಬುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಳತೆ. ಬಯಲುಸೀಮೆಗೆ ಇದು ಒಪ್ಪೀತು. ಆದರೆ ತಲೆಗಳನ್ನು ಎಣಿಸಿ ಕಾಡಿನ ದೂರವನ್ನು ಅಳೆಯಲಾಗದು. ಖಾನಾಪುರದಂತಹ ತಾಲೂಕಿಗೆ ಊರಿಂದ ಊರಿಗಿರುವ ಅಂತರವನ್ನೂ ಮಳೆಗಾಲದ ದಾರಿಯನ್ನೂ ನೋಡಿ ಗಾಡಿಗಳನ್ನೂ ಸೇವಕರನ್ನೂ ಕೊಡುವುದು ನ್ಯಾಯ.

ಇನ್ನು ಸೇವಕರ ಸ್ಥಿತಿ. 2022ರಲ್ಲಿಯೂ 2024ರಲ್ಲಿಯೂ ಸಂಬಳದ ಬಾಕಿಗಾಗಿ ಅವರು ಮುಷ್ಕರದ ಮಾತನ್ನು ಎತ್ತಬೇಕಾಯಿತು. ಪ್ರಾಣ ಉಳಿಸುವವರು ಕೆಲಸ ನಿಲ್ಲಿಸಬಾರದೆಂದು ಉಪದೇಶಿಸುವವರು ಬಹಳ. ಅವರ ಮನೆಯ ಒಲೆ ಹೇಗೆ ಉರಿಯಬೇಕೆಂದು ಕೇಳಿದವರೆಷ್ಟು? ಸೇವೆಯನ್ನು ಖಾಸಗಿ ಸಂಸ್ಥೆ ನಡೆಸಲಿ, ಸರಕಾರವೇ ನಡೆಸಲಿ, ತಿಂಗಳ ಸಂಬಳವು ತಿಂಗಳಿಗೆ ಮುಟ್ಟಬೇಕು. 2021ರಲ್ಲಿ ಕೇಂದ್ರವು ಮಾಡಿದ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆಯು ತುರ್ತು ತಂತ್ರಜ್ಞರನ್ನೂ ಆರೋಗ್ಯ ವೃತ್ತಿಯವರೆಂದು ಹೆಸರಿಸಿದೆ. ಆ ಹೆಸರು ಕಾಗದದ ಮೇಲೆಯೇ ಉಳಿಯದೆ, ನೋಂದಣಿ, ಮೇಲ್ತರಬೇತಿ, ಬಡ್ತಿಗಳ ರೂಪದಿಂದ ಅವರ ಕೈಗೆ ಬರಬೇಕು. ಇಲ್ಲವಾದರೆ ಅನುಭವಿಗಳು ಬೇರೆ ಉದ್ಯೋಗವನ್ನು ಅರಸಿ ಹೋಗುವರು; ಅವರು ವರ್ಷಗಟ್ಟಲೆ ಕಲಿತದ್ದೂ ಅವರೊಡನೆಯೇ ಹೋಗುವುದು. ಅದರ ನಷ್ಟವನ್ನು ತುಂಬುವವನು ರೋಗಿ.

ಸರಕಾರವನ್ನಷ್ಟೇ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ತುರ್ತುವಾಹನಕ್ಕೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡವನ್ನೂ ಆರು ತಿಂಗಳವರೆಗೆ ಸೆರೆಯನ್ನೂ ವಿಧಿಸಬಹುದೆಂದು 2019ರ ಮೋಟಾರು ವಾಹನ ತಿದ್ದುಪಡಿಯು ಹೇಳುತ್ತದೆ. ದಂಡದ ಭಯದಿಂದ ದಾರಿ ಬಿಡುವ ನಾಡು ಸುಸಂಸ್ಕೃತ ನಾಡೆನಿಸದು. ಗಾಡಿ ತಡವಾಯಿತೆಂದು ಬಂದವನ ಮೇಲೆ ಕೈ ಎತ್ತುವುದಂತೂ ಪೌರರಿಗೆ ಲಾಂಛನ.

1924ರಲ್ಲಿ ಇದೇ ಬೆಳಗಾವಿಯಲ್ಲಿ ಕಾಂಗ್ರೆಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದ ಮಹಾತ್ಮಾ ಗಾಂಧಿಯವರು, ಅದಕ್ಕೆ ಕಾಲು ಶತಮಾನದ ಹಿಂದೆ, 1899ರಲ್ಲಿ, ದಕ್ಷಿಣ ಆಫ್ರಿಕೆಯ ಯುದ್ಧದಲ್ಲಿ ಭಾರತೀಯರ ಶುಶ್ರೂಷಾ ದಳವನ್ನು ಕಟ್ಟಿ ಗಾಯಾಳುಗಳ ಡೋಲಿ ಹೊತ್ತವರು. ಅವರ ಹೆಸರಿನಲ್ಲಿ ನಾವು ಉತ್ಸವಗಳನ್ನು ಮಾಡುತ್ತೇವೆ, ಕಮಾನುಗಳನ್ನು ಕಟ್ಟುತ್ತೇವೆ. ಅವರು ಮಾಡಿದ ಕೆಲಸವನ್ನೇ ಇಂದು ನಮ್ಮ ಬೀದಿಗಳಲ್ಲಿ ಹಗಲಿರುಳು ಮಾಡುತ್ತಿರುವವರಿಗೆ ಸಂಬಳವನ್ನು ಸಮಯಕ್ಕೆ ಕೊಡದಿದ್ದರೆ, ದಾರಿಯನ್ನು ಕೂಗಿದೊಡನೆ ಬಿಡದಿದ್ದರೆ, ಆ ಉತ್ಸವಗಳಿಗೆ ಅರ್ಥವೇನು? ಮುಂದಿನ ಮಳೆಗಾಲವು ಬರುವ ಮುನ್ನವೇ ಜಿಲ್ಲೆಯ ಅಧಿಕಾರಿವರ್ಗವು ಖಾನಾಪುರದ ದಾರಿಗಳನ್ನೂ ಈ ಸೇವಕರ ಅಹವಾಲುಗಳನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಲೆಂದು ನಮ್ಮ ಆಗ್ರಹ.