ಕನ್ನಡಕವನ್ನು ಕಳಚುವ ಮುನ್ನ

ಲೇಸರ್ ಚಿಕಿತ್ಸೆ ಮಾಡಿಸಿಕೊಂಡು ಕನ್ನಡಕವನ್ನು ತ್ಯಜಿಸಬೇಕೆಂಬ ಹಂಬಲ ಇಂದು ತರುಣ ತರುಣಿಯರಲ್ಲಿ ಬಲವಾಗಿದೆ. ಅದು ತಪ್ಪೆಂದು ನಾನು ಹೇಳಲಾರೆ. ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಅಂಗಾಂಶವನ್ನು ನವಿರಾಗಿ ಕೆತ್ತಬಲ್ಲುದೆಂದು ಭಾರತದಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು 1981ರಲ್ಲಿ ಅಮೆರಿಕದಲ್ಲಿ ಕಂಡುಕೊಂಡರು. ಈ ಚಿಕಿತ್ಸೆಗೆ ಅದೇ ಮೂಲ.

ಆದರೆ ಕಾರ್ನಿಯದ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಕೆತ್ತಿದ ಭಾಗ ಮತ್ತೆ ಬೆಳೆಯದು. ಆದುದರಿಂದ 18 ವರ್ಷ ತುಂಬಿದರೆ ಸಾಲದು. ಕನ್ನಡಕದ ನಂಬರು ಒಂದು ವರ್ಷವಾದರೂ ಬದಲಾಗದೆ ನಿಂತಿರಬೇಕು. ಕಾರ್ನಿಯ ತೀರ ತೆಳುವಾಗಿದ್ದರೆ ವೈದ್ಯರೇ ಬೇಡವೆನ್ನುತ್ತಾರೆ. ಕೆಲವರಿಗೆ ಬಳಿಕ ಕಣ್ಣು ಒಣಗುವುದುಂಟು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದುಂಟು. ಅಲ್ಲದೆ, ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಸಾಮಾನ್ಯವಾಗಿ ಯಾರಿಗೂ ತಪ್ಪದು.

ಕೆಲಸಕ್ಕೆ ಕನ್ನಡಕ ಅಡ್ಡಿಯಾಗಿದ್ದರೆ, ಕೈಯಲ್ಲಿ ಹಣವೂ ಇದ್ದರೆ, ಪರೀಕ್ಷಿಸಿಕೊಂಡು ಮಾಡಿಸಿಕೊಳ್ಳಲಿ. ಹೆಣ್ಣು ನೋಡಲು ಬಂದವರು ಮೂಗು ಮುರಿದರೆಂದು ಸಾಲ ಮಾಡಿ ಆಸ್ಪತ್ರೆಗೆ ಓಡುವುದನ್ನು ಮಾತ್ರ ನಾನು ಒಪ್ಪಲಾರೆ. ಕನ್ನಡಕ ಹಾಕುವುದು ಕುಂದಲ್ಲ. ನನ್ನ ನಂಬರು ಕಳೆದ ವರ್ಷವೂ ಏರಿದೆ. ಅದು ನಿಲ್ಲುವವರೆಗೆ ಕಾಯುವುದೇ ಲೇಸೆಂದು ಮನೆಯಲ್ಲಿಯೂ ಹೇಳಿದ್ದೇನೆ.