ಫಲಿತಾಂಶದ ಛೇದ ಎಲ್ಲಿ ಹೋಯಿತು?

ಶಾಲಾ ಶಿಕ್ಷಣದ ಹೊಣೆ ಹೊತ್ತವರೆಲ್ಲರಿಗೆ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎರಡೇ ಬಗೆಯ ಮುಖಗಳು. ಶೇಕಡಾ ನೂರು ಬಂದ ಕಡೆ ಫ್ಲೆಕ್ಸು, ಹಾರ, ಸಿಹಿ. ಬರದ ಕಡೆ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಕಾರಣ ಕೇಳುವ ನೋಟಿಸು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಕೊನೆಗೆ ಚಿಕ್ಕಬಳ್ಳಾಪುರ ಅಂತ ನಾಲ್ಕೂ ತಾಲ್ಲೂಕುಗಳಲ್ಲಿ ಸೀಮೆಸುಣ್ಣ ಸವೆಸಿದ ನಾನು ಎರಡೂ ಮುಖ ಹೊತ್ತು ನಿಂತಿದ್ದೇನೆ. ನನ್ನ ದೂರು ನೋಟಿಸಿನ ಮೇಲಲ್ಲ, ಆ ಶೇಕಡಾವಾರಿನ ಛೇದದ ಮೇಲೆ.

ಒಂದು ಶಾಲೆಯಲ್ಲಿ ಎಂಟನೇ ತರಗತಿಗೆ 60 ಮಕ್ಕಳು ಸೇರಿದರು ಎಂದಿಟ್ಟುಕೊಳ್ಳಿ. ಹತ್ತನೇ ತರಗತಿಯ ಪರೀಕ್ಷೆಗೆ ಕೂತವರು 40, ಪಾಸಾದವರು 38. ನಿಮ್ಮ ಕಾಗದದಲ್ಲಿ ಆ ಶಾಲೆಗೆ ಶೇ. 95. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು ನಾನು ಲೆಕ್ಕ ಹಾಕಿದರೆ ಶೇ. 63. ನಡುವೆ ಮಾಯವಾದ 20 ಮಕ್ಕಳಿಗಾಗಿ ಯಾರೂ ನೋಟಿಸು ಕೊಡುವುದಿಲ್ಲ. ಅವರು ಫೇಲಾಗಿದ್ದರೆ ಶಾಲೆಗೆ ಕೆಟ್ಟ ಹೆಸರು ಬರುತ್ತಿತ್ತು. ಶಾಲೆಯನ್ನೇ ಬಿಟ್ಟಿದ್ದರಿಂದ ಶಾಲೆಯ ಹೆಸರು ಉಳಿಯಿತು!

ಒಂದು ತಪ್ಪೊಪ್ಪಿಗೆಯನ್ನೂ ಬರೆದುಬಿಡುತ್ತೇನೆ. ಒಂದು ವರ್ಷ, ಯಾವ ಶಾಲೆ ಎಂದು ಹೇಳುವುದಿಲ್ಲ, ಒಂಬತ್ತನೇ ತರಗತಿಯ ಕೊನೆಗೆ 'ಹತ್ತಕ್ಕೆ ಭಾರವಾಗುವ' ಮಕ್ಕಳ ಪಟ್ಟಿ ತಯಾರಾಯಿತು. ಬರೆದ ಕೈ ನನ್ನದೇ. ಅಪ್ಪ ಅಮ್ಮಂದಿರನ್ನು ಕರೆಸಿ, "ಬೇರೆ ಕಡೆ ಸೇರಿಸಿ, ಇಲ್ಲಾಂದ್ರೆ ಒಂದು ವರ್ಷ ಬಿಟ್ಟು ಕಟ್ಟಿಸಿ" ಎಂದು ನಯವಾಗಿ ಹೇಳಿ ಟಿಸಿ ಕೈಗಿಟ್ಟೆವು. ಆ ತಾಯಂದಿರಲ್ಲಿ ಒಬ್ಬಾಕೆ ಟಿಸಿಯನ್ನು ಬಹುಮಾನ ಪತ್ರ ಎಂದುಕೊಂಡು ಸೆರಗಿನಲ್ಲಿ ಮಡಚಿಕೊಂಡು ಹೋದಳು. ಮರುವರ್ಷ ನಮ್ಮ ಶಾಲೆಗೂ ಫ್ಲೆಕ್ಸು ಬಂತು.

ಇನ್ನು ಹೀಗೆ ಮಾಯವಾಗುವ ಮಕ್ಕಳು ಯಾರು? ನಮ್ಮ ಹಳ್ಳಿಗಳಲ್ಲಿ ಐದನೇ ತರಗತಿ ಮುಗಿಯುವಾಗಲೇ ಜರಡಿ ಹಿಡಿಯುವುದು ಶುರು. ಪ್ರವೇಶ ಪರೀಕ್ಷೆಯಲ್ಲಿ ಚುರುಕಾದವರು ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆ, ಆದರ್ಶ ವಿದ್ಯಾಲಯಗಳಿಗೆ ಹೋಗುತ್ತಾರೆ. ದುಡ್ಡಿದ್ದವರ ಮಕ್ಕಳನ್ನು ಹಳದಿ ಬಸ್ಸು ಬಂದು ಹತ್ತಿಸಿಕೊಳ್ಳುತ್ತದೆ. ಉಳಿದವರು ನಮ್ಮಲ್ಲಿಗೆ ಬರುತ್ತಾರೆ. ಆ ಶಾಲೆಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಬಡವರ ಎಷ್ಟೋ ಮಕ್ಕಳು ಅಲ್ಲಿಂದಲೇ ಮೇಲೆ ಬಂದಿದ್ದಾರೆ. ಆದರೆ ಜರಡಿಯ ಮೇಲೆ ಉಳಿದದ್ದನ್ನೂ ಕೆಳಗೆ ಬಿದ್ದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತಾಲ್ಲೂಕಿಗೆ ರ್‍ಯಾಂಕು ಕೊಡುವುದು ಯಾವ ನ್ಯಾಯ?

ಶಿಡ್ಲಘಟ್ಟದ ಕಡೆ ಒಂದು ರೇಷ್ಮೆ ಬೆಳೆ ಅಂದರೆ ಹೆಚ್ಚುಕಡಿಮೆ ನಾಲ್ಕು ವಾರ. ಹುಳು ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಹೋಗುವುದು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲಿನ ಕೊನೆಯ ವಾರದಲ್ಲಿ. ಆಗ ಮನೆಯಲ್ಲಿ ನಿದ್ದೆ ಇಲ್ಲ. ಹುಳು ಹಣ್ಣಾದ ದಿನವಂತೂ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಎಷ್ಟು ಕೈ ಇದ್ದರೂ ಸಾಲದು. ಆ ವಾರ ಹುಡುಗ ಶಾಲೆಗೆ ಬರುವುದಿಲ್ಲ. ವರ್ಷಕ್ಕೆ ಆರೇಳು ಬೆಳೆ ಇಡುವ ಮನೆಯ ಹುಡುಗ ಎಷ್ಟು ದಿನ ಗೈರಾಗುತ್ತಾನೆ ಎಂದು ನೀವೇ ಗುಣಿಸಿ. ಪಟ್ಟಣದ ನೂಲು ಬಿಚ್ಚುವ ಮನೆಗಳ ಹೆಣ್ಣುಮಕ್ಕಳದು ಬೇರೆ ಕಥೆ. ಏಳರವರೆಗೆ ಉರ್ದುವಿನಲ್ಲಿ ಓದಿ, ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದು ಕೂತು, ಮೊದಲ ಆರು ತಿಂಗಳು ಮಾತೇ ಆಡದವರನ್ನು ಕಂಡಿದ್ದೇನೆ. ಗೌರಿಬಿದನೂರಿನಲ್ಲಿ ತಾಯಿ ಬೆಳಗಿನ ರೈಲಿಗೆ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೊರಟರೆ ತಮ್ಮನಿಗೆ ತಲೆ ಬಾಚಿ, ಅನ್ನ ಬಡಿಸಿ, ಆಮೇಲೆ ಮೊದಲ ಪೀರಿಯಡ್ಡಿಗೆ ತಡವಾಗಿ ಬರುವವಳು ಎಂಟನೇ ಕ್ಲಾಸಿನ ಅಕ್ಕ.

ಭಾಷೆಯ ಮಾತು ಬಂದಾಗ ನಮ್ಮವರು ಮುಜುಗರಪಡುತ್ತಾರೆ. ಪಡಬೇಕಿಲ್ಲ. ಸಂತಕವಿ ಕೈವಾರ ತಾತಯ್ಯನವರ ತತ್ವಪದ ಕೇಳಿ ಬೆಳೆದ ಸೀಮೆ ಇದು. ಅರ್ಧಕ್ಕರ್ಧ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪ್ರಥಮ ಭಾಷೆ ಕನ್ನಡ, 125 ಅಂಕ. ಕನ್ನಡ ನಮ್ಮ ಮಕ್ಕಳಿಗೆ ಭಾರವಲ್ಲ, ಪುಸ್ತಕದ ಕನ್ನಡ ಭಾರ. ಚಿಂತಾಮಣಿ ಹತ್ತಿರದ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ನೂರು ಮೊಟ್ಟೆಗೆ ಇಷ್ಟು ಕೆ.ಜಿ. ಗೂಡು, ಕೆ.ಜಿ.ಗೆ ಇಷ್ಟು ರೇಟು, ಸೊಪ್ಪಿಗೆ ಇಷ್ಟು, ಕೂಲಿಗೆ ಇಷ್ಟು, ಉಳಿದದ್ದು ಎಷ್ಟು ಎಂದರೆ ಬಾಯಲ್ಲೇ ಹೇಳುತ್ತಿದ್ದ. ಅಂಥದ್ದೇ ಲೆಕ್ಕವನ್ನು ಪುಸ್ತಕದ ವಾಕ್ಯದಲ್ಲಿ ಸುತ್ತಿ ಕೊಟ್ಟರೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದ. ತೆಲುಗಿನಲ್ಲಿ ಪ್ರಶ್ನೆ ಬಿಡಿಸಿ ಹೇಳಿದೆ, ಎರಡೇ ನಿಮಿಷದಲ್ಲಿ ಉತ್ತರ ಬಂತು. ಪರೀಕ್ಷಾ ಕೊಠಡಿಯಲ್ಲಿ ಬಿಡಿಸಿ ಹೇಳಲು ನಾನಿರುವುದಿಲ್ಲವಲ್ಲ.

ಇದನ್ನೆಲ್ಲ ಬರೆಯುವಾಗ ನನಗೊಂದು ಭಯವಿದೆ. "ಕೂಲಿಯವರ ಮಕ್ಕಳು ಸಾರ್, ಇನ್ನೇನು ಬರುತ್ತೆ" ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ. ಮಕ್ಕಳ ಹಿನ್ನೆಲೆಯನ್ನು ನೆಪ ಮಾಡಿಕೊಳ್ಳುವ ಮೇಷ್ಟ್ರು, ನೋಟಿಸು ಕೊಡುವ ಸಾಹೇಬರಿಗಿಂತ ದೊಡ್ಡ ಅಪಾಯ. ಆದ್ದರಿಂದ ಹಿನ್ನೆಲೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಅಂಕಿಯಾಗಿ ಎಲ್ಲರ ಮುಂದೆ ಇಡಿ ಎನ್ನುತ್ತೇನೆ.

ಈಗಿನ ಶೇಕಡಾವಾರು ಏನನ್ನು ಅಳೆಯುತ್ತದೆ ಎಂಬುದೇ ನನಗೆ ಅನುಮಾನ. 2020ರಲ್ಲಿ ರಾಜ್ಯಕ್ಕೆ ಶೇ. 71.80 ಬಂದಾಗ ಮೊದಲ ಸ್ಥಾನ ನಮ್ಮ ಚಿಕ್ಕಬಳ್ಳಾಪುರಕ್ಕೆ. ನಾವೂ ಕುಣಿದೆವು. 2021ರಲ್ಲಿ ಕೊರೋನಾ, ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸು. 2023ರಲ್ಲಿ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್ ಕ್ಯಾಮೆರಾ ಬಂತು, ಕೃಪಾಂಕವನ್ನು ಶೇ. 20ಕ್ಕೆ ಏರಿಸಿದರೂ ಶೇ. 73.40ಕ್ಕೆ ಇಳಿಯಿತು. 2025ರಲ್ಲಿ ಆ ಕೃಪಾಂಕವೂ ಹೋಯಿತು, ಮೊದಲ ಪರೀಕ್ಷೆಯಲ್ಲಿ ಶೇ. 66.14. ಅದೇ ವರ್ಷ ಅಕ್ಟೋಬರಿನಲ್ಲಿ ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ಇಳಿಸುವ ತೀರ್ಮಾನ. ಐದಾರು ವರ್ಷದಲ್ಲಿ ನಮ್ಮ ಮಕ್ಕಳ ಮಿದುಳು ಇಷ್ಟೊಂದು ಉಬ್ಬಿ ಇಳಿಯಿತೇ? ಬದಲಾದದ್ದು ನಿಯಮ. ಆ ಅಂಕಿ ಹಿಡಿದು ಒಂದು ಹಳ್ಳಿ ಶಾಲೆಯ ಮಾನ ತೂಗುವುದು, ಮಳೆಗೆ ಉಬ್ಬಿದ ಮರದ ಕೊಳಗದಲ್ಲಿ ರಾಗಿ ಅಳೆದ ಹಾಗೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಒಬ್ಬ ಬಡ ಹುಡುಗ 1935ರಲ್ಲಿ ಹೈಸ್ಕೂಲ್ ಓದಲು ಬೆಂಗಳೂರಿಗೆ ನಡೆದೇ ಹೋದ. ಡಾ. ಎಚ್. ನರಸಿಂಹಯ್ಯ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅವರ ಮನೆಮಾತೂ ತೆಲುಗೇ. ತಾವು ನಡೆದ ದಾರಿ ಇನ್ನೊಬ್ಬರಿಗೆ ಬೇಡವೆಂದು ಹೊಸೂರಿಗೆ ಹೈಸ್ಕೂಲು, ಗೌರಿಬಿದನೂರು, ಬಾಗೇಪಲ್ಲಿಗೆ ಕಾಲೇಜು ತಂದರು. ಇಂಥ ಹುಡುಗ ಆ ವರ್ಷ ನಮ್ಮ ಶಾಲೆಯಲ್ಲಿದ್ದಿದ್ದರೆ ಆ ಒಂಬತ್ತನೇ ತರಗತಿಯ ಪಟ್ಟಿಯಲ್ಲಿ ಅವನ ಹೆಸರನ್ನೂ ಬರೆಯುತ್ತಿದ್ದೆನೇನೋ ಎಂದು ಒಮ್ಮೊಮ್ಮೆ ರಾತ್ರಿ ಎಚ್ಚರವಾಗುತ್ತದೆ.

ನಾನು ಕೇಳುವುದಕ್ಕೆ ಹೊಸ ಯೋಜನೆ ಬೇಡ, ಹೊಸ ದುಡ್ಡೂ ಬೇಡ. ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಜಾತಿ, ಮಾಧ್ಯಮ, ಹಾಜರಿ ಎಲ್ಲವನ್ನೂ ನಮ್ಮ ಕೈಯಲ್ಲೇ ತುಂಬಿಸಿದ್ದೀರಿ. ಸರ್ವರ್ ಬಿದ್ದಾಗ ರಾತ್ರಿ ಹನ್ನೊಂದಕ್ಕೆ ಎದ್ದು ತುಂಬಿದವನು ನಾನು. ಫಲಿತಾಂಶದ ಪಕ್ಕದಲ್ಲಿ, ಮೂರು ವರ್ಷದ ಹಿಂದೆ ಎಂಟಕ್ಕೆ ಸೇರಿದವರು ಎಷ್ಟು, ಅವರಲ್ಲಿ ಹುಡುಗಿಯರು ಎಷ್ಟು, ಬೇರೆ ಶಾಲೆಗೆ ನಿಜವಾಗಿ ಸೇರಿದವರು ಎಷ್ಟು, ಎಲ್ಲೂ ಸೇರದವರು ಎಷ್ಟು ಎಂದು ಹಾಕಿ. ಮಕ್ಕಳ ಹೆಸರು ಬೇಡ. ಆ ಮೂರು ವರ್ಷದಲ್ಲಿ ಗಣಿತ, ವಿಜ್ಞಾನದ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು, ಎಷ್ಟು ತಿಂಗಳು ಅತಿಥಿ ಶಿಕ್ಷಕರು ನಡೆಸಿದರು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಆಮೇಲೆ ಬೇಕಿದ್ದರೆ ನೋಟಿಸು ಕೊಡಿ. ಯಾರಿಗೆ ಕೊಡಬೇಕೆಂದು ಆಗ ನಿಮಗೇ ಗೊತ್ತಾಗುತ್ತದೆ.

ಜೂನ್‌ನಲ್ಲಿ ಎಂಟನೇ ತರಗತಿಯ ದಾಖಲಾತಿ ಪುಸ್ತಕ ತೆರೆಯುತ್ತಾರೆ. ಪ್ರತಿ ಶಾಲೆಯ ಕೊನೆಯ ಕ್ರಮಸಂಖ್ಯೆಯನ್ನು ಈ ಸಲ ಬರೆದಿಟ್ಟುಕೊಳ್ಳಿ. ನಾನೂ ನಮ್ಮೂರಿನದನ್ನು ಬರೆದಿಟ್ಟುಕೊಂಡಿರುತ್ತೇನೆ, ಮೂರು ವರ್ಷ ಕಳೆದ ಮೇಲೆ ಬಂದು ಕೇಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ,
ಶಿಡ್ಲಘಟ್ಟ ತಾಲ್ಲೂಕು