ಬೀಭತ್ಸ ಯಾರ ಮೂಗಿನಲ್ಲಿದೆ?



ನಮ್ಮ ಪದ್ಯ ಓದಿದ ದೊಡ್ಡವರೆಲ್ಲ ಒಂದೇ ಮಾತು ಹೇಳ್ತಾರೆ: ‘ಸಿಟ್ಟಿದೆ ಕಣಯ್ಯಾ, ರಸ ಇಲ್ಲ. ಅನುಭವ ಇದೆ, ಕಲೆ ಆಗಿಲ್ಲ. ಭಾಷೆ ಸ್ವಲ್ಪ ತಿದ್ದಿಕೊ.’ ಈ ಮಾತಿಗೆ ಹೆದರಿ ಹಾಸ್ಟೆಲುಗಳಲ್ಲಿ ಎಷ್ಟು ನೋಟುಪುಸ್ತಕಗಳು ಟ್ರಂಕಿನ ತಳ ಸೇರಿವೆಯೋ ಲೆಕ್ಕ ಇಟ್ಟವರಿಲ್ಲ. ಅಪ್ಪ ಅವ್ವ ಆಡೋ ಮಾತು ಬರೆದರೆ ನಗ್ತಾರೆ ಅಂತ, ಕೇರಿಯಲ್ಲಿ ಯಾರೂ ಮುಟ್ಟದ ವೀಣೆ, ಯಾರೂ ಕಾಣದ ಹಂಸ ಬರೆದು ಬಹುಮಾನಕ್ಕೆ ಕಳಿಸ್ತೇವೆ. ಆದ್ದರಿಂದ ಈ ರಸ ಅನ್ನೋದು ಏನು, ಅದನ್ನು ಅಳೆಯೋ ಸೇರು ಯಾರ ಮನೆಯದು ಅಂತ ನಾವು ಕೇಳಲೇಬೇಕಾಗಿದೆ.

ರಸಕ್ಕೆ ಜಾತಿ ಇಲ್ಲ ಅಂತಾರೆ. ಇಲ್ಲವೇ? ಭರತನ ನಾಟ್ಯಶಾಸ್ತ್ರವನ್ನೇ ತೆಗೆದು ನೋಡಿ. ಅಲ್ಲಿ ಎಂಟು ರಸ. ಜೊತೆಗೇ ಮನುಷ್ಯರಲ್ಲಿ ಮೂರು ದರ್ಜೆ: ಉತ್ತಮ, ಮಧ್ಯಮ, ಅಧಮ. ವೀರ ಉತ್ತಮರಿಗೆ. ಶೃಂಗಾರವೂ ಉತ್ತಮರಿಗೆ. ಭಯ ಮಾತ್ರ ಹೆಂಗಸರಿಗೆ ಮತ್ತು ನೀಚರಿಗೆ! ನಗುವಿನಲ್ಲೂ ಆರು ಬಗೆ. ಹಲ್ಲು ಕಾಣದ ಹಾಗೆ ಮುಗುಳುನಗೋದು ಉತ್ತಮರ ಸ್ಮಿತ. ಕಣ್ಣಲ್ಲಿ ನೀರು ಬರೋ ಹಾಗೆ, ಪಕ್ಕೆ ಹಿಡಿದುಕೊಂಡು ನಗೋದು ಅಧಮರ ಅತಿಹಸಿತ. ಮಾತಿನಲ್ಲೂ ಪಂಕ್ತಿಭೇದ. ರಾಜನಿಗೆ, ಬ್ರಾಹ್ಮಣನಿಗೆ ಸಂಸ್ಕೃತ; ಹೆಂಗಸರಿಗೆ, ಆಳುಗಳಿಗೆ ಪ್ರಾಕೃತ; ಚಂಡಾಲರಿಗೆ ಅದಕ್ಕಿಂತ ಕೆಳಗೊಂದು ವಿಭಾಷೆ. ಊರಿನ ನಕ್ಷೆಯನ್ನೇ ತಂದು ರಂಗದ ಮೇಲೆ ಹಾಸಿದ್ದಾರೆ. ಧೈರ್ಯ ಅರಮನೆಗೆ, ಹೆದರಿಕೆ ಹೊಲಗೇರಿಗೆ.

ಇನ್ನು ಬೀಭತ್ಸ. ಅದರ ಸ್ಥಾಯಿಭಾವ ಜುಗುಪ್ಸೆ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಹುಳ, ರಕ್ತ, ಕರುಳು ಇಂಥವನ್ನು ಕಂಡಾಗ ಮೂಗು ಮುಚ್ಚಿಕೊಳ್ಳೋದು, ಉಗುಳೋದು ಅದರ ಲಕ್ಷಣ. ಯಾರು ಮುಚ್ಚಿಕೊಳ್ಳೋದು? ಊರಿನ ಸತ್ತ ದನ ಹೊತ್ತು, ಸುಲಿದು, ಚರ್ಮ ಹದ ಮಾಡಿ ಅದೇ ಊರಿಗೆ ಮೆಟ್ಟು ಹೊಲಿದು ಕೊಟ್ಟವನಿಗೆ ಅದು ಹೇರಿದ ಚಾಕರಿ. ಅದರ ಬಾಡು ಅವನ ಮಕ್ಕಳಿಗೆ ಒಂದು ಹೊತ್ತಿನ ಊಟ. ಸತ್ತ ದನದ ಮಾಂಸ ಬಿಡಿ ಅಂತ 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರೇ ಹೇಳಿದರು, ನಿಜ. ಅವರು ಹೇಳಿದ್ದು ನಮ್ಮ ಸ್ವಾಭಿಮಾನಕ್ಕೆ. ಲಕ್ಷಣಕಾರ ಹೇಳೋದು ತನ್ನ ಮೂಗಿಗೆ. ನಮಗೆ ಜುಗುಪ್ಸೆ ಬರೋ ಜಾಗವೇ ಬೇರೆ: ಹೋಟ್ಲಿನಲ್ಲಿ ನಮಗೇ ಅಂತ ಬೇರೆ ಇಟ್ಟ ಲೋಟ, ಎತ್ತರದಿಂದ ಬೊಗಸೆಗೆ ಸುರಿಯೋ ನೀರು. ಈ ಬೀಭತ್ಸ ಯಾವ ಲಕ್ಷಣಗ್ರಂಥದಲ್ಲಿದೆ ತೋರಿಸಿ.

ರಸ ಸಹೃದಯನಿಗೆ ಮಾತ್ರ ದಕ್ಕುತ್ತೆ ಅಂತಾರೆ. ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿ ಉಜ್ಜಿಕೊಂಡವನೇ ಸಹೃದಯ ಅಂತ ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ವಿವರಿಸಿದ. ಮಾತು ಚೆನ್ನಾಗಿದೆ. ಆದರೆ ಕನ್ನಡಿ ಇದ್ದ ಮನೆಯೊಳಕ್ಕೆ ಯಾರನ್ನು ಬಿಟ್ಟರು? ಅಕ್ಷರದ ಬಾಗಿಲು ಹಾಕಿಕೊಂಡು, ಹೊರಗೆ ನಿಂತವನಿಗೆ ಹೃದಯ ಇಲ್ಲ ಅಂದರೆ ಅದು ಯಾವ ನ್ಯಾಯ?

ಸಂಸ್ಕೃತ ಬಿಟ್ಟು ಯೂರೋಪಿಗೆ ಹೋಗೋಣ ಅಂದರೆ ಅಲ್ಲೂ ಒಬ್ಬ ಕಾವಲುಗಾರ ಇದ್ದಾನೆ. ಜರ್ಮನಿಯ ಕಾಂಟ್ 1790ರ ತನ್ನ ಗ್ರಂಥದಲ್ಲಿ, ಸುಂದರ ಅನ್ನೋ ತೀರ್ಪಿಗೆ ಸ್ವಂತ ಬೇಕು ಬೇಡ ಬೆರೆಯಬಾರದು ಅಂದ. ಹಸಿದವನಿಗೆ ಏನು ಕೊಟ್ಟರೂ ರುಚಿ. ಹೊಟ್ಟೆ ತುಂಬಿದ ಮೇಲೇ ಯಾರಿಗೆ ಅಭಿರುಚಿ ಇದೆ ಅಂತ ಗೊತ್ತಾಗೋದು ಅಂತ ವಾದಿಸಿದ. ಈ ಸಾಹೇಬರು ನಮ್ಮ ಹಾಸ್ಟೆಲಿಗೆ ಬರಬೇಕಿತ್ತು. ಹಸಿದ ಹುಡುಗರೇ ಹುಳ ಬಿದ್ದ ಅನ್ನದ ತಟ್ಟೆ ಪಕ್ಕಕ್ಕೆ ತಳ್ಳಿ, ವಾರ್ಡನ್ ರೂಮಿನ ಮುಂದೆ ಧರಣಿ ಕೂರೋದನ್ನು ತೋರಿಸಬಹುದಿತ್ತು. ಹಸಿವಿಗೂ ತೀರ್ಪು ಕೊಡೋಕೆ ಬರುತ್ತೆ.

ತೀರ್ಪು ಕೊಡೋ ಹಕ್ಕು ಯಾರದು? ಜಗಳ ಇರೋದೇ ಇಲ್ಲಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂದರು. ಅದೂ ಒಂದು ಸಾಹಿತ್ಯ ವಿಮರ್ಶೆ. ವಿಮರ್ಶೆಗೆ ಉತ್ತರ ವಿಮರ್ಶೆ ತಾನೇ? ಸಿಕ್ಕಿದ್ದು ಗಲಭೆ. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ನಮ್ಮ ಬರಹದಲ್ಲಿ ರಸ ಇಲ್ಲ ಅಂತ ಅವರಂದರೆ ಸೌಂದರ್ಯಶಾಸ್ತ್ರ. ಅವರ ಬರಹದಲ್ಲಿ ಕಾಳಿಲ್ಲ ಅಂತ ನಾವಂದರೆ ನಾಡದ್ರೋಹ!

ಭಾಷೆಯ ವಿಷಯಕ್ಕೆ ಬನ್ನಿ. ಲಕ್ಷಣಗ್ರಂಥಗಳಲ್ಲಿ ‘ಗ್ರಾಮ್ಯ’ ಅನ್ನೋದು ಒಂದು ದೋಷದ ಹೆಸರು. ಹಳ್ಳಿಯವನ ಮಾತು ಅಂದರೇನೇ ತಪ್ಪು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವಿನದೇ ಕನ್ನಡದ ತಿರುಳು ಅಂದಿತು. ಅದೇ ಪುಸ್ತಕ, ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ಪಳಗಿದವರು ಅಂತಲೂ ಒಪ್ಪಿಕೊಂಡಿದೆ. ಮೇಷ್ಟ್ರುಗಳು ರಾಜ್ಯೋತ್ಸವದ ಭಾಷಣದಲ್ಲಿ ಈ ಎರಡನೇ ಮಾತು ಹೇಳಿ ಚಪ್ಪಾಳೆ ತಗೋತಾರೆ. ಮಾರನೇ ದಿನ ನಮ್ಮ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೀತಾರೆ.

ಆದರೆ ಗೆರೆ ಅಳಿಸುತ್ತಿದೆ. ಪಕ್ಕದ ಮಹಾರಾಷ್ಟ್ರದಲ್ಲಿ 1972ರಲ್ಲಿ ನಾಮದೇವ ಢಸಾಳರ ‘ಗೋಲಪೀಠಾ’ ಬಂತು. ಮುನ್ನುಡಿ ಬರೆದ ವಿಜಯ ತೆಂಡೂಲ್ಕರ್ ಅಂಥ ದೊಡ್ಡ ನಾಟಕಕಾರರೇ ಎಷ್ಟೋ ಪದಗಳ ಅರ್ಥವನ್ನು ಕವಿಯಿಂದಲೇ ಕೇಳಿ ತಿಳಿಯಬೇಕಾಯಿತು. ಅಲ್ಲಿಗೆ ಸಹೃದಯ ವಿದ್ಯಾರ್ಥಿಯಾದ, ಕೇರಿ ಮೇಷ್ಟ್ರಾಯಿತು. ನಮ್ಮಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದರು. ಅರ್ಥ ಆಗಲ್ಲ ಅಂದರು. ಪಂಪನಿಗಾಗಿ ನಿಘಂಟು ಬಿಚ್ಚೋರಿಗೆ ಪಕ್ಕದ ಕೇರಿಯ ಮಾತು ಕಷ್ಟವೇ? 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶರಣಕುಮಾರ ಲಿಂಬಾಳೆ 1996ರಲ್ಲಿ ಮರಾಠಿಯಲ್ಲಿ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರ ಅಂತಲೇ ಪುಸ್ತಕ ಬರೆದು, ಆನಂದವನ್ನು ಅಳೆಯೋ ಕೋಲಿನಿಂದ ನೋವನ್ನು ಅಳೆಯಬೇಡಿ. ಸ್ವಾತಂತ್ರ್ಯ, ಸಮತೆಗಳನ್ನೇ ಅಳತೆಗೋಲು ಮಾಡಿ ಅಂತ ವಾದ ಹೂಡಿದರು.

ಈ ಅಳತೆ ನಮಗೆ ಹೊಸದೂ ಅಲ್ಲ. ಮೈಸೂರು, ಚಾಮರಾಜನಗರ, ಮಂಡ್ಯದ ಕಡೆ ನೀಲಗಾರರು ರಾತ್ರಿಯಿಡೀ ಹಾಡೋ ಮಂಟೇಸ್ವಾಮಿ ಕಾವ್ಯ ಕೇಳಿದ್ದೀರಲ್ಲ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೇಗೆ ಬರ್ತಾನೆ? ಮೈಯೆಲ್ಲ ನಾತ, ಜೊತೆಯಲ್ಲಿ ಹೆಂಡ. ಜಂಗಮರೆಲ್ಲ ಅಸಹ್ಯಪಟ್ಟು ದೂರ ಸರೀತಾರೆ. ಯಾರು ನಿಜವಾದ ಶರಣ, ಯಾರು ವೇಷ ಅನ್ನೋದು ಅಲ್ಲೇ ಬಯಲಾಗುತ್ತೆ. ಲಕ್ಷಣಕಾರನ ಬೀಭತ್ಸದಲ್ಲಿ ಪರೀಕ್ಷೆ ಆಗೋದು ನಾರೋ ವಸ್ತುವಿಗೆ. ನೀಲಗಾರರ ಬೀಭತ್ಸದಲ್ಲಿ ಪರೀಕ್ಷೆ ಆಗೋದು ಮೂಗು ಮುಚ್ಚಿಕೊಂಡವನಿಗೆ. ಇದಕ್ಕಿಂತ ದೊಡ್ಡ ಕಾವ್ಯಮೀಮಾಂಸೆಯನ್ನು ಯಾವ ಪಂಡಿತ ಬರೆದಿದ್ದಾನೆ?

ಕಡೆಗೆ ನಮ್ಮವರಿಗೂ ಒಂದು ಮಾತು. ಹಾಗಂತ ಕೂಗಿದ್ದೆಲ್ಲ ಕಾವ್ಯ ಅಲ್ಲ. ‘ಕ್ರಾಂತಿ’ ಅಂತ ಹತ್ತು ಸಲ ಬರೆದರೆ ಅದೂ ಬೂಸಾನೇ. ತಮಟೆ ಬಾರಿಸೋನನ್ನು ಕೇಳಿ: ಚರ್ಮ ಬೆಂಕಿಗೆ ಕಾಯಿಸದೆ ಬಾರಿಸಿದರೆ ಸದ್ದು ಬರಲ್ಲ, ಜಾಸ್ತಿ ಕಾಯಿಸಿದರೆ ಹರಿಯುತ್ತೆ. ಆ ಹದ ಕೇರಿಯಲ್ಲಿದೆ. ಹೆಣದ ಮುಂದೆ ಕೂತು ಅಳೋ ಅವ್ವಂದಿರ ಮಾತಿನಲ್ಲಿದೆ. ಕಳೆ ಕೀಳೋರ ಬೈಗುಳದಲ್ಲಿದೆ. ಅದನ್ನು ಕಲೀಬೇಕು. ನಾಟ್ಯಶಾಸ್ತ್ರವನ್ನೂ ಕಾಂಟನನ್ನೂ ಓದಬೇಕು, ಅವರೆದುರು ಕೈಕಟ್ಟಿ ನಿಲ್ಲದೆ ಓದಬೇಕು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಕೇರಿಯ ಹತ್ತು ಮಾತು ಬರೆದುಕೊಂಡು ಬನ್ನಿ; ನಿಘಂಟಿನಲ್ಲಿ ಇಲ್ಲದ್ದು, ಅವ್ವನ ಬಾಯಲ್ಲಿ ಇರೋದು. ಗಟ್ಟಿಯಾಗಿ ಓದೋಣ. ನಗಬೇಕು ಅನ್ನಿಸಿದರೆ ಪಕ್ಕೆ ಹಿಡಿದುಕೊಂಡು, ಅಧಮರ ಹಾಗೇ ನಗೋಣ.

ಜೈ ಭೀಮ್.